ಮೀಸೆಯ ಮೇಲಿನ ಮಾಸ್ಕು

ನನ್ನ ಗಂಡನ ಗೊರಕೆಗೆ ಘೋಡಗೇರಿಯಲ್ಲಿ ನಗದವರೇ ಇರಲಿಲ್ಲ. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಗೊರಕೆಯ ನಡುವೆ ಇವರ ಉಸಿರು ಗಕ್ಕನೆ ನಿಲ್ಲುವುದು, ನನ್ನ ಜೀವ ಬಾಯಿಗೆ ಬರುವುದು, ಆಮೇಲೆ ನೀರಲ್ಲಿ ಮುಳುಗಿದವರು ಮೇಲೆದ್ದಂತೆ ಒಮ್ಮೆಲೇ ಉಸಿರೆಳೆಯುವರು. ಹಗಲೆಲ್ಲ ತೂಕಡಿಕೆ. ಊಟದ ಗಂಗಾಳದ ಮುಂದೆ ಕೂತರೂ ತೂಕಡಿಕೆ. ಅಂಥವರ ಕೈಯಲ್ಲಿ ಕಬ್ಬಿನ ಟ್ರ್ಯಾಕ್ಟರು!

ಜಗಳಾಡಿ ಘಟಪ್ರಭೆಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿ, ಮಲಗಿದಾಗ ಮಾಸ್ಕಿನಿಂದ ಗಾಳಿ ಒತ್ತುವ ಮಷೀನು ಬರೆದುಕೊಟ್ಟರು. ಅದು ಸರಿಯಾಗಿ ಹೊಂದುವ ತನಕ ಗಾಡಿ ಮುಟ್ಟಬೇಡಿ ಎಂದರು.

ಮಷೀನು ತಂದವನು ಸ್ವಪ್ನಿಲ್, ಅಂಗಡಿಯವನು. ಮೊದಲು ಮೂಗಿಗಷ್ಟೇ ಕೂಡುವ ಮಾಸ್ಕು ಕೊಟ್ಟ. ನಿದ್ದೆಯಲ್ಲಿ ಇವರ ಬಾಯಿ ತೆರೆದು ಗಾಳಿಯೆಲ್ಲ ಅಲ್ಲಿಂದಲೇ ಹೊರಗೆ. ಆಮೇಲೆ ಮೂಗು ಬಾಯಿ ಎರಡನ್ನೂ ಮುಚ್ಚುವುದು ತಂದ. ಅದು ಮೀಸೆಯ ಮೇಲೆ ಕೂಡಲೊಲ್ಲದು. ಕೆನ್ನೆಯವರೆಗೆ ಹಬ್ಬಿದ ಹುರಿಮೀಸೆ. ಸಂದಿಯಿಂದ ಗಾಳಿ ಸುಂಯ್ ಎನ್ನುತ್ತಿತ್ತು. ಪಟ್ಟಿ ಬಿಗಿದರೆ ಮೂಗಿನ ಮೇಲೆ ಗಾಯ.

"ಮಷೀನ ಛಲೋ ಐತ್ರಿ ಅಕ್ಕಾರ. ನಿಮ್ಮ ಯಜಮಾನ್ರು ಮೀಸಿ ತಗಸಿದ್ರ ಮಾಸ್ಕ ಬರೊಬ್ಬರಿ ಕೂಡತೈತಿ," ಎಂದ ಸ್ವಪ್ನಿಲ್.

ಕಟ್ಟೆಯ ಮೇಲಿದ್ದ ಮಾವ ಭೀಮಶಿ ಎದ್ದೇ ನಿಂತು ಮಗನ ಮೇಲೆ ಹರಿಹಾಯ್ದರು. "ಏ ಸತ್ತೆಪ್ಪಾ, ನಾ ಇನ್ನೂ ಜೀವಂತ ಅದೇನಿ! ಮೀಸಿ ತಗಸೂದು ಅಪ್ಪ ಸತ್ತಾಗ. ನನ್ನ ಹೆಣಾ ನೋಡಬೇಕಂತ ಮಾಡೀಯೇನಲೇ?"

"ಪೂರಾ ಬ್ಯಾಡ್ರಿ, ಎರಡೂ ಬಾಜೂ ಒಂದೀಟ ಕತ್ತರಸ್ರಿ ಸಾಕು," ಎಂದ ಸ್ವಪ್ನಿಲ್.

"ಒಂದ ಕೂದಲಾ ಮುಟ್ಟಿದ್ರೂ ಅಷ್ಟ!"

ನಾನು ತಡೆಯಲಾರದೆ ಬಾಯಿ ಬಿಟ್ಟೆ. "ಮಾವಾರ, ಮೀಸಿ ಮತ್ತ ಬರತೈತ್ರಿ. ನಿಮ್ಮ ಮಗ ಮತ್ತ ಬರತಾರೇನ್ರಿ?"

ನನ್ನ ಗಂಡ, ಊರ ಪಂಚಾಯ್ತಿಯಲ್ಲಿ ಮೇಜು ಗುದ್ದಿ ಮಾತಾಡುವ ಗಂಡಸು, ನೆಲ ನೋಡುತ್ತ, "ಅಪ್ಪನ ಮನಸ ಯಾಕ ನೋಯಿಸೂದು, ಬಿಡ," ಎಂದರು. ಮೈಯೆಲ್ಲ ಉರಿಯಿತು ನನಗೆ. ಆ ಅಪ್ಪನಿಗೂ, ಈ ಮಗನಿಗೂ ಏನು ಹೇಳಲಿ?

ಮಷೀನು ಅಟ್ಟ ಸೇರಿತು. ಖಂಡೇನವಮಿಗೆ ಕೆಳಗಿಳಿಸಿ, ಟ್ರ್ಯಾಕ್ಟರಿನ ಜೊತೆ ಅದಕ್ಕೂ ಕುಂಕುಮ ಹಚ್ಚಿ ಪೂಜೆ ಮಾಡಿದರು. ಆರತಿ ಬೆಳಗಿದವರು ಮಾವ. ಪೂಜೆ ಮುಗಿದ ಮೇಲೆ ಮತ್ತೆ ಅಟ್ಟಕ್ಕೆ.

ಕಬ್ಬಿನ ಹಂಗಾಮು ಸುರುವಾಯಿತು. ಡಾಕ್ಟರ ಮಾತು ಬದಿಗಿಟ್ಟು ಇವರು ಮತ್ತೆ ಟ್ರ್ಯಾಕ್ಟರು ಹತ್ತಿದರು. ಮಟಮಟ ಮಧ್ಯಾಹ್ನ ಮಸಗುಪ್ಪಿ ಹತ್ತಿರ, ನೆಟ್ಟಗಿನ ರಸ್ತೆಯಲ್ಲಿ, ಕಬ್ಬು ತುಂಬಿದ ಟ್ರ್ಯಾಕ್ಟರು ಕಾಲುವೆಗೆ ಬಿತ್ತು. ಎದುರಿಗೆ ಗಾಡಿಯಿರಲಿಲ್ಲ. ಬ್ರೇಕು ಹಿಡಿದ ಗುರುತೂ ಇರಲಿಲ್ಲ. ಹೆಣ ತಂದವರು, "ನಿದ್ದಿ ಹತ್ತಿರಬೇಕ್ರಿ ಅಕ್ಕಾರ," ಎಂದರು. ನನಗೆ ಹೇಳಬೇಕಿತ್ತೇ ಅದನ್ನು?

ಕರ್ಮದ ದಿನ ನನ್ನ ಮಗ ಅಭಿಷೇಕನನ್ನು ಅಂಗಳದಲ್ಲಿ ಕೂರಿಸಿದರು. ಕಾಲೇಜು ಓದುವ ಹುಡುಗ. ಈಗಷ್ಟೇ ಮೂಡಿದ ಮೀಸೆಯನ್ನು ಹೋಗುತ್ತ ಬರುತ್ತ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಕ್ಷೌರದ ಅಲ್ಲಪ್ಪ ತಲೆ ಬೋಳಿಸಿ, ತುಟಿಯ ಹತ್ತಿರ ಕತ್ತಿ ನಿಲ್ಲಿಸಿದ.

"ಎಳಿ ಮೀಸಿ ಐತ್ರಿ ಅಜ್ಜಾರ. ಬಿಡೂಣೇನ್ರಿ?"

ಮಾವ ಟವೆಲಿನಿಂದ ಕಣ್ಣೊರೆಸಿಕೊಂಡರು. "ತಗೀ. ಅವರಪ್ಪ ಸತ್ತಾನ."

ಅಲ್ಲಪ್ಪ ತೆಗೆದ. ಈಗ ನಮ್ಮ ಮನೆಯಲ್ಲಿ ಮೀಸೆ ಇರುವುದು ಮಾವ ಒಬ್ಬರಿಗೇ.