ಕಿಟಕಿ ಪಕ್ಕದ ಸೀಟು

ವಸ್ತುಸಂಗ್ರಹಾಲಯದ ಇತಿಹಾಸದಲ್ಲೇ ಅತ್ಯಂತ ಗಂಭೀರವಾದ ಪ್ರಕರಣವೊಂದು ಆ ಬೆಳಗ್ಗೆ ಗೋಪಿನಾಥನ ಕಣ್ಣಿಗೆ ಬಿತ್ತು: ಎರಡನೇ ಬೋಗಿಯ ಕಿಟಕಿ ಪಕ್ಕದ ಸೀಟಿನ ಕೆಳಗೆ ಮತ್ತೆ ಕಡಲೆಕಾಯಿ ಸಿಪ್ಪೆ.

ನೋಯ್ಡಾ ದಾಟಿ ಒಂದು ಗಂಟೆ ಹೋದರೆ ಸಿಗುವ ಆ ಸಣ್ಣ ಊರು ತನ್ನ ಚರಿತ್ರೆಯನ್ನೆಲ್ಲ ಹಳೆಯ ಪ್ಯಾಸೆಂಜರ್ ರೈಲಿನ ಎರಡು ಬೋಗಿಗಳಲ್ಲಿ ತುಂಬಿಸಿಟ್ಟಿತ್ತು. ಅದರ ಉಸ್ತುವಾರಿಗೆಂದು ದಿನಾ ದಿಲ್ಲಿಯ ಲೋಧಿ ಕಾಲೋನಿಯಿಂದ ಬರುತ್ತಿದ್ದ ಗೋಪಿನಾಥ, ಟ್ರಾಫಿಕ್‌ಗೆ ಹೆದರಿ ಮಧ್ಯಾಹ್ನವೇ ಹೊರಟುಬಿಡುತ್ತಿದ್ದ. ಆಮೇಲೆ ಟಿಕೆಟ್ ಕೊಡುವುದರಿಂದ ಹಿಡಿದು ರಾತ್ರಿ ಬೀಗ ಹಾಕುವವರೆಗೆ ಎಲ್ಲವೂ ಕಾವಲುಗಾರ ರಾಮ್‌ವೀರನ ಕೈಯಲ್ಲಿ.

"ರಾತ್ರಿ ಇಲ್ಲಿ ಯಾರು ಮಲಗ್ತಾರೆ?" ಎಂದು ಗೋಪಿನಾಥ ಸಿಪ್ಪೆ ತೋರಿಸಿ ಅವನನ್ನು ಕೇಳಿದ.

"ಯಾರೂ ಮಲಗಲ್ಲ ಸಾಬ್."

ತಡವರಿಸದೆ ಹೇಳಿದ್ದೇ ಗೋಪಿನಾಥನಿಗೆ ಸಾಕ್ಷಿಯಾಯಿತು. ನಿರಪರಾಧಿ ಅಷ್ಟು ಸಲೀಸಾಗಿ ಉತ್ತರ ಕೊಡುತ್ತಾನೆಯೇ?

"ಸರ್, ಪಾಪ, ಅವರ ಮಗಳದು ಬೋರ್ಡ್ ಎಕ್ಸಾಮ್ ಇದೆ. ನೌಕರಿ ಹೋದ್ರೆ ಮುಶ್ಕಿಲ್ ಆಗತ್ತೆ," ಎಂದಳು ಹರ್ಷಿಣಿ. ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಬೆಳೆದ ಹುಡುಗಿ, ಇತಿಹಾಸ ಓದುತ್ತ ಇಲ್ಲಿ ತರಬೇತಿಗೆ ಬಂದಿದ್ದಳು.

"ಅಚ್ಛಾ! ನಿನಗೂ ಕಡಲೆಕಾಯಿ ಕೊಟ್ಟನೇನು?"

ಗೋಪಿನಾಥ ರಾಮ್‌ವೀರನನ್ನು ಕಳಿಸಿದ್ದ ಸೆಕ್ಯುರಿಟಿ ಏಜೆನ್ಸಿಗೆ ಫೋನ್ ಮಾಡಿ ದೂರು ಕೊಟ್ಟ. ಮಧ್ಯಾಹ್ನದೊಳಗೆ ರಾಮ್‌ವೀರ ಕೀಲಿ ಒಪ್ಪಿಸಿ ಹೋದ. ಹಾಗೆ ಮರುಮಾತಾಡದೆ ಹೋದದ್ದೂ ಅನುಮಾನಕ್ಕೆಡೆಯಾಯಿತು. ಇನ್ನೊಂದು ಕೀಲಿ ಇಟ್ಟುಕೊಂಡಿದ್ದರೆ? ಹರ್ಷಿಣಿಯನ್ನು ಗೇಟಿನ ಟಿಕೆಟ್ ಮೇಜಿಗೆ ಕೂರಿಸಿ, ತಾನು ಎರಡನೇ ಬೋಗಿಯ ಶೌಚಾಲಯದಲ್ಲಿ ಅಡಗಿ ನಿಂತ.

ಸಂಜೆ ಕಿಟಕಿಯಿಂದ ಕೆಂಪು ಟವೆಲೊಂದು ಹಾರಿ ಬಂದು ಸೀಟಿನ ಮೇಲೆ ಬಿತ್ತು. ಹಿಂದೆಯೇ ಬಾಗಿಲಿನಿಂದ ನಾಲ್ವರು ಮುದುಕರು ಹತ್ತಿ ಬಂದರು. ಟವೆಲ್ ಎಸೆದವನು ಕಿಟಕಿ ಪಕ್ಕ ಕೂತು ಇಸ್ಪೀಟೆಲೆ ಕಲಸತೊಡಗಿದ.

"ಏಳ್ರೀ! ಇದು ಮ್ಯೂಸಿಯಂ!" ಎಂದು ಗೋಪಿನಾಥ ಶೌಚಾಲಯದಿಂದ ಹೊರಬಿದ್ದ.

"ಅರೇ, ಟಿಕೆಟ್ ಇದೆ ಸಾಬ್," ಎಂದ ಕಿಟಕಿ ಪಕ್ಕದ ಮುದುಕ. "ಮೂವತ್ತು ವರ್ಷ ಇದೇ ಬೋಗೀಲಿ ದಿಲ್ಲಿಗೆ ಡ್ಯೂಟಿಗೆ ಹೋಗಿದೀವಿ. ಆಗ ಟಿಕೆಟ್ ತಗೋತಿರಲಿಲ್ಲ. ಈಗ ದಿನಾ ತಗೋತೀವಿ."

"ರಾಮ್‌ವೀರ ಬಿಡ್ತಿದ್ದನಾ?"

"ಒಂದೇ ಷರತ್ತು ಹಾಕಿದ್ದ: ಕೂತ್ಕೊಳ್ಳಿ ಚಾಚಾಜಿ, ಮಲಗಬೇಡಿ ಅಂತ. ಎಲ್ಲಿ ಹೋದ ಅವನು? ಅವನ ಪಾಲಿನ ಕಡಲೆಕಾಯಿ ತಂದಿದೀವಿ."

ಗೋಪಿನಾಥ ಕೆಳಗಿಳಿದು ಏಜೆನ್ಸಿಗೆ ಮತ್ತೆ ಫೋನ್ ಮಾಡಿ, ದೂರು ಹಿಂತೆಗೆದುಕೊಳ್ಳುತ್ತೇನೆ ಎಂದ. ಒಮ್ಮೆ ತೆಗೆದವರನ್ನು ಮತ್ತೆ ಇಟ್ಟುಕೊಳ್ಳುವ ಪದ್ಧತಿ ತಮ್ಮಲ್ಲಿಲ್ಲ ಎಂದರು ಅವರು.

ಮರುದಿನ ಹೊಸ ಕಾವಲುಗಾರ ಬಂದ.