ಮುಂದಿನ ವಿಮಾನ ಕಾಣ್ತಿದೆ

ಮಾವ ಕ್ಯಾಪ್ಟನ್, ಅಳಿಯ ಪಕ್ಕದ ಸೀಟಿನ ಕೋ-ಪೈಲಟ್. ಪಾರ್ಸೆಲ್ ಸಾಗಿಸುವ ಆ ಪುಟ್ಟ ಕಂಪನಿಯಲ್ಲಿ ಇಬ್ಬರನ್ನೂ ಒಂದೇ ವಿಮಾನಕ್ಕೆ ಹಾಕಿದ ಪುಣ್ಯಾತ್ಮ ಯಾರೋ! ಮನೆಯಲ್ಲಿ ಮಾವನೆದುರು ಕಾಲು ಚಾಚಿ ಕೂರಲೂ ಹಿಂಜರಿಯುವವನು ಆಕಾಶದಲ್ಲಿ ಎದುರಾಡುತ್ತಾನೆಯೇ?

ಇಳಿಯುವಾಗ ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದವರು ಕೇಳುತ್ತಾರೆ: ಮುಂದೆ ಹೋಗುತ್ತಿರುವ ವಿಮಾನ ಕಾಣುತ್ತಿದೆಯೇ? ಕಾಣುತ್ತಿದೆ ಎಂದರೆ ಅದನ್ನು ನೋಡಿಕೊಂಡು ಇಳಿಯಲು ಅಪ್ಪಣೆ. ಆದರೆ ಅಲ್ಲಿಂದಾಚೆ ಅದಕ್ಕೆ ಡಿಕ್ಕಿಯಾಗದಂತೆ ಅಂತರ ಕಾಯುವ ಹೊಣೆ ಗೋಪುರದ್ದಲ್ಲ, ಪೈಲಟ್‌ನದು. ಕಾಣುತ್ತಿಲ್ಲ ಎಂದರೆ ಸುತ್ತು ಹಾಕಿ ಸಾಲಿನ ಹಿಂದಕ್ಕೆ ಹೋಗಬೇಕು.

ಉತ್ತರಿಸುವ ಮುನ್ನ ಮಾವನದು ಯಾವಾಗಲೂ ಒಂದು ಕೀಟಲೆ. "ಅಳಿಯಂದಿರಿಗೆ ಕಾಣ್ತೋ, ಇಲ್ಲ ಕನ್ನಡಕ ಕೊಡಿಸ್ಲೋ?"

"ಕಾಣ್ತು ಮಾವ."

ಆ ಮಧ್ಯಾಹ್ನ ಹೊರಗೆ ಮಬ್ಬು ಕವಿದಿತ್ತು. ಮಾವ ಕೇಳಿದರು, ಇವನ ಬಾಯಿಂದ ಅದೇ ಮಾತು ಬಂತು, ಮಾವ ಗೋಪುರಕ್ಕೆ "ಕಾಣ್ತಿದೆ" ಎಂದರು. ಆಮೇಲೆ ಬೆರಳು ಚಾಚಿ, "ಅಗೋ, ಗುಡ್ಡದ ಹತ್ರ ಹೊಳೀತಿದೆಯಲ್ಲ" ಎಂದರು.

ಅಳಿಯ ನೋಡಿದ. ಅದು ಯಾವುದೋ ಗೋದಾಮಿನ ತಗಡಿನ ಮಾಡು. ಎಡಕ್ಕೆ, ಬಲಕ್ಕೆ, ಕೆಳಗೆ ಹುಡುಕಿದ. ವಿಮಾನ ಎಲ್ಲೂ ಇಲ್ಲ. ತಾನೇ ರೇಡಿಯೋ ಗುಂಡಿ ಒತ್ತಿದ.

"ತಪ್ಪಾಯ್ತು. ಮುಂದಿನ ವಿಮಾನ ನಮಗೆ ಕಾಣ್ತಿಲ್ಲ."

"ಈಗಲೇ ಎಡಕ್ಕೆ ತಿರುಗಿ ಮೇಲೇರಿ," ಎಂದಿತು ಗೋಪುರ.

ತಿರುಗುವಾಗ ಆ ವಿಮಾನ ಕಾಣಿಸಿತು. ಬಲರೆಕ್ಕೆಯ ಕೆಳಗೇ ಇತ್ತು, ಬಾಲದ ಮೇಲಿನ ನಂಬರ್ ಓದುವಷ್ಟು ಹತ್ತಿರ.

ಇಳಿದು ಎಂಜಿನ್ ನಿಲ್ಲಿಸಿದ ಮೇಲೂ ಮಾವ ಬೆಲ್ಟ್ ಬಿಚ್ಚಲಿಲ್ಲ. ಅಳಿಯನಿಗೆ ಸಿಟ್ಟು ನೆತ್ತಿಗೇರಿತ್ತು. ಮರ್ಯಾದೆ ಗಿರ್ಯಾದೆ ಎಲ್ಲ ಹಾಳಾಗಿ ಹೋಗಲಿ ಎನಿಸಿತು.

"ಮಾವ, ನಿಮಗೆ ಕಣ್ಣು ಕಾಣ್ತಿಲ್ಲ."

"ದೂರದ್ದು ಮಂಜಾಗಿ ಆರು ತಿಂಗ್ಳಾಯ್ತು," ಎಂದರು ಮಾವ ಮೆಲ್ಲಗೆ.

"ಆರು ತಿಂಗ್ಳಿಂದ ಸುಳ್ಳು ಹೇಳ್ತಿದ್ದೀರಾ? ನನ್ನ ಜೀವ ಬಿಡಿ, ನಿಮ್ಮ ಮಗಳ ಗತಿ ಏನಾಗ್ತಿತ್ತು? ನಾನು ವರದಿ ಬರೀತೀನಿ."

"ಬರಿಯಪ್ಪ. ಲೈಸೆನ್ಸ್ ಹೋದ್ರೆ ಹೋಗ್ಲಿ, ಹೋಗಬೇಕಾದ್ದೇ. ಆದ್ರೆ ನಿನ್ನನ್ನ ಕೇಳದೆ ಒಂದಿನವಾದ್ರೂ ಗೋಪುರದವ್ರಿಗೆ ಹೇಳಿದ್ದುಂಟಾ? ನೀನು ಕಾಣ್ತು ಅಂತಿದ್ದೆ, ಆ ಧೈರ್ಯದ ಮೇಲೆ ನಾನು ಹೇಳ್ತಿದ್ದೆ."

ಅಳಿಯನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಸುಳ್ಳು ಹೇಳಿ ಪಾರಾಗಬಹುದಿತ್ತು. ವಿಮಾನದೊಳಗೆ ಅವನ ಆ "ಕಾಣ್ತು" ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ.

"ನೀವು ನೋಡಿಯೇ ಇರ್ತೀರಿ ಅಂತ ನಾನು ಸುಮ್ನೆ ಹ್ಞೂಂ ಅಂತಿದ್ದೆ ಮಾವ. ಎಷ್ಟೋ ದಿನ ನೋಡ್ಲೇ ಇಲ್ಲ."

ಮಾವ ಇವನ ಮುಖವನ್ನೇ ನೋಡಿದರು. "ಹಾಗಾದ್ರೆ ಇಷ್ಟು ದಿನ ಯಾರಪ್ಪಾ ನೋಡ್ತಿದ್ದಿದ್ದು?"

ಅಳಿಯ ವರದಿಯ ಹಾಳೆ ತೆಗೆದು, ತಪ್ಪು ಮಾಡಿದವರು ಎಂಬಲ್ಲಿ ಮೊದಲು ತನ್ನ ಹೆಸರು ಬರೆದ.