ಸೀಟಿನ ಮೇಲಿನ ಗೋಣಿ

“ಏ ಹೆಣ್ಣೇ, ಸೀಟಿಗೆ ತಾಗಬೇಡ. ಮೊದಲು ಈ ಗೋಣಿ ಹಾಕಿಕೊ.”

ಕಮಲಾವತಮ್ಮ ಜಗಲಿಯಿಂದಲೇ ಹಿಂಡಿಯ ಗೋಣಿ ಎಸೆದರು. ಅದನ್ನು ಹೊಸ ಕಾರಿನ ಮುಂದಿನ ಸೀಟಿಗೆ ಹಾಸಿ ಕೂತೆ. ಆ ಮನೆಯ ಪಿಕಪ್ ಓಡಿಸುವವಳು ನಾನೇ. ಆದರೆ ಕಾರಿನೊಳಗೆ ನಮ್ಮವರು ಯಾರೂ ಕೂತದ್ದಿಲ್ಲ. ಅಪ್ಪನಿಗೆ ಹಾವು ಕಚ್ಚಿದ ದಿನವೂ ಪಿಕಪ್ಪಿನ ಹಿಂದೆ, ರಬ್ಬರ್ ಶೀಟುಗಳ ಮೇಲೆ ಮಲಗಿಸಿದ್ದು.

ಇವತ್ತು ನನ್ನನ್ನು ಕೂರಿಸದೆ ಅವರಿಗೆ ಗತಿಯಿರಲಿಲ್ಲ. ಕಮಲಾವತಮ್ಮನ ಮಗ ಶಶಾಂಕ ಧಣಿ ಮಸ್ಕತ್ತಿಗೆ ಹೋಗಿ ಇಪ್ಪತ್ತೆರಡು ವರ್ಷ. ಊರಿನ ಲೈಸೆನ್ಸು ಯಾವಾಗಲೋ ಮುಗಿದಿತ್ತು. ಮಸ್ಕತ್ತಿನದ್ದನ್ನು ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ ತೋರಿಸಿದ್ದಕ್ಕೆ, “ಇದು ಇಲ್ಲಿ ನಡೆಯುದಿಲ್ಲ ಮಾರಾಯ್ರೆ, ಎಲ್ ಬೋರ್ಡಿನಿಂದ ಶುರು ಮಾಡಿ. ಲೈಸೆನ್ಸ್ ಇದ್ದವರು ಪಕ್ಕದಲ್ಲಿ ಕೂರಬೇಕು” ಅಂದರಂತೆ. ಮನೆಯಲ್ಲಿ ಲೈಸೆನ್ಸ್ ಇದ್ದದ್ದು ನನಗೊಬ್ಬಳಿಗೆ. ಆದರೆ ಹೊಸ ಕಾರಿನ ಸ್ಟೇರಿಂಗ್ ನನ್ನ ಕೈಗೆ ಕೊಡಲು ಅವರಿಗೆ ಮನಸ್ಸಿಲ್ಲ.

“ಒಂಬತ್ತನೇ ಫೇಲು, ನನಗೆ ಮೇಷ್ಟ್ರು!” ಎಂದು ಧಣಿ ನಕ್ಕು ಕಾರು ಹೊರಡಿಸಿದರು.

ಪಂಜದ ತಿರುವಿನಲ್ಲಿ ಸಿಗ್ನಲ್ ಹಾಕಲು ಹೋದರು, ವೈಪರ್ ತಿರುಗಿತು. ಬಿಸಿಲಿಗೆ ಒಣಗಿದ ಗಾಜಿನ ಮೇಲೆ ಕರಕರ. ಅದನ್ನು ನಿಲ್ಲಿಸಲು ನೋಡಿದರು, ನೀರು ಚಿಮ್ಮಿತು. ಅಷ್ಟರಲ್ಲಿ ಕಾರು ಮಸ್ಕತ್ತಿನ ಹಾಗೆ ಬಲಗಡೆಗೆ ಹೋಗಿತ್ತು. ಎದುರಿಂದ ಬಸ್ಸು.

“ಎಡಕ್ಕೆ ಧಣಿ, ಎಡಕ್ಕೆ.”

“ನನಗೆ ಹೇಳುದಾ ನೀನು, ರಂಡೆ?” ಅನ್ನುತ್ತಲೇ ಎಡಕ್ಕೆ ಎಳೆದರು. ಬಸ್ಸಿನ ಡ್ರೈವರ್ ತಲೆ ಹೊರಹಾಕಿ ಅವರ ಅಪ್ಪನನ್ನೂ ಅಜ್ಜನನ್ನೂ ವಿಚಾರಿಸಿದ. ನಗು ತಡೆಯಲು ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ನಾವು ಹೊರಟದ್ದು ಸುಳ್ಯದ ಬ್ಯಾಂಕಿಗೆ, ನನ್ನ ಸಹಿ ಹಾಕಿಸಿ ಧಣಿಯ ಹಣ ತೆಗೆಯಲು. ಧಣಿಯ ಅಂಗಡಿಗಳ ಬಾಡಿಗೆ ಅವರ ಖಾತೆಗೆ ಬಿದ್ದರೆ ಪರದೇಶದವರೆಂದು ಮೊದಲೇ ತೆರಿಗೆ ಹಿಡಿಯುತ್ತಾರಂತೆ. ಅದಕ್ಕೇ ಮೂರು ವರ್ಷದಿಂದ ಬಾಡಿಗೆ ನನ್ನ ಖಾತೆಗೆ ಬರುತ್ತದೆ. ಪಾಸ್ ಪುಸ್ತಕ ಅವರ ಕೈಯಲ್ಲಿ, ಸಹಿ ಮಾತ್ರ ನನ್ನದು. ಹೋದ ತಿಂಗಳು ಅಮ್ಮನ ರೇಷನ್ ಕಾರ್ಡು ರದ್ದಾಯಿತು. “ನಿಮ್ಮ ಮಗಳಿಗೆ ಲಕ್ಷಗಟ್ಟಲೆ ಬರ್ತದಲ್ಲ” ಅಂದರು ಕಚೇರಿಯಲ್ಲಿ. ಅಮ್ಮ ಖಾಲಿ ಚೀಲ ಮಡಚಿಕೊಂಡು ಬಂದರು. ಆ ಖಾತೆ ಮುಚ್ಚದೆ ನಮಗೆ ಅಕ್ಕಿಯಿಲ್ಲ. ಮುಚ್ಚಲು ಪುಸ್ತಕ ಬೇಕು.

ನಿಂತಿಕಲ್ಲು ದಾಟಿ ಸ್ವಲ್ಪ ದೂರದಲ್ಲಿ ಪೊಲೀಸರು ಗಾಡಿ ತಡೆಯುತ್ತಿದ್ದರು. ನಾನು ಹ್ಯಾಂಡ್ ಬ್ರೇಕ್ ಎಳೆದೆ. ಕಾರು ಕುಪ್ಪಳಿಸಿ ರಸ್ತೆ ಬದಿಯಲ್ಲಿ ನಿಂತಿತು.

“ತಲೆ ಸರಿ ಉಂಟಾ ನಿನಗೆ?”

“ಪಾಸ್ ಪುಸ್ತಕ ಕೊಡಿ ಧಣಿ.”

“ಎಂತದು?”

“ನನ್ನ ಪುಸ್ತಕ. ಇಲ್ಲದಿದ್ದರೆ ಇಲ್ಲೇ ಇಳಿತೇನೆ.”

ಅವರು ಮುಂದೆ ಪೊಲೀಸರನ್ನು ನೋಡಿದರು, ಹಿಂದೆ ಎಲ್ ಬೋರ್ಡನ್ನು ನೆನೆದರು. ಭಾನುವಾರ ಅವರ ವಿಮಾನ.

“ಬೇವರ್ಸಿ, ನಮ್ಮ ಅನ್ನ ತಿಂದು…” ಎನ್ನುತ್ತಾ ಅಂಗಿಯ ಕಿಸೆಯಿಂದ ತೆಗೆದರು. “ಕೊಟ್ಟರೆ ಬಾಯಿ ಮುಚ್ಚಿ ಕೂರ್ತೀಯಾ?”

ನಾನು ಕೈ ಚಾಚಿದೆ. ಈ ಹೆಣ್ಣು ಮಾತಾಡುವವಳಲ್ಲ ಎಂದು ಊರಿಗೆಲ್ಲ ಗೊತ್ತು. ಅವರು ಪುಸ್ತಕವನ್ನು ನನ್ನ ಮಡಿಲಿಗೆ ಬಿಸಾಡಿದರು.

ಬಾಗಿಲು ತೆಗೆದು ಇಳಿದೆ. ಹಿಂದಿನಿಂದ ಸುಳ್ಯದ ಬಸ್ಸು ಬರುತ್ತಿತ್ತು. ಕೈ ಅಡ್ಡ ಹಿಡಿದೆ.

“ಏ… ಏ ಸುಪ್ರಿತಾ, ಕೂತ್ಕೊ ಮಾರಾಯ್ತಿ!” ನನ್ನ ಹೆಸರು ಅವರಿಗೆ ಗೊತ್ತಿತ್ತೆಂದು ನನಗೆ ತಿಳಿದದ್ದು ಆಗಲೇ.

“ಗೋಣಿ ಅಲ್ಲೇ ಉಂಟು ಧಣಿ,” ಅಂದೆ. “ಪೊಲೀಸರು ಕೂರುವುದಾದರೆ ಬೇಕಾದೀತು.”

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ಹತ್ತಿ ಕೂತು ಹಿಂದಕ್ಕೆ ನೋಡಿದೆ. ಧಣಿ ಗಡಿಬಿಡಿಯಲ್ಲಿ ಮತ್ತೆ ಅದೇ ಕಡ್ಡಿಯನ್ನು ಎಳೆದಿರಬೇಕು. ಒಂದು ಹನಿ ಮಳೆಯಿಲ್ಲದ ಆ ಬಿಸಿಲಿನಲ್ಲಿ ವೈಪರ್ ಬೇಡ, ಬೇಡ, ಬೇಡ ಎಂದು ಕೈ ಆಡಿಸುತ್ತಿತ್ತು. ಪೊಲೀಸಿನವನು ಕಾರಿನ ಕಡೆಗೆ ನಿಧಾನಕ್ಕೆ ನಡೆದು ಬರುತ್ತಿದ್ದ.